ಜನಸಂಖ್ಯೆ, ಸರ್ಕಾರ ಮತ್ತು ನಮ್ಮ ಮನೆ: ಒಂದು ಚಾರಿತ್ರಿಕ ನೋಟ



ಕ್ರಿಸ್ತಜಯಂತಿಯ ರಾತ್ರಿ ನಾವು ಕೇಳುವ ಶುಭಸಂದೇಶವು ಒಂದು ಜನಗಣತಿಯ ಸುದ್ದಿಯಿಂದಲೇ ಆರಂಭವಾಗುತ್ತದೆ. ಚಕ್ರವರ್ತಿ ಔಗುಸ್ತನು ತನ್ನ ಪ್ರಜೆಗಳ ಲೆಕ್ಕ ಬೇಕೆಂದು ಆಜ್ಞೆ ಹೊರಡಿಸಿದ. ತುಂಬು ಗರ್ಭಿಣಿಯಾಗಿದ್ದ ಮರಿಯಮ್ಮನವರನ್ನು ಕರೆದುಕೊಂಡು ಜೋಸೆಫರು ನಜರೇತಿನಿಂದ ಬೆತ್ಲೆಹೇಮಿಗೆ ನಡೆದರು. ಅದಾದ ಮೂರೇ ದಿನಕ್ಕೆ, ಡಿಸೆಂಬರ್ 28ರಂದು, ಹೆರೋದನ ಕತ್ತಿಗೆ ಬಲಿಯಾದ ಹಸುಳೆಗಳನ್ನು ಧರ್ಮಸಭೆ ನೆನೆಯುತ್ತದೆ. ಆ ವಾರದಲ್ಲೇ ಬರುವ ಭಾನುವಾರ ಪವಿತ್ರ ಕುಟುಂಬದ ಹಬ್ಬ. ಒಬ್ಬ ಅರಸ ಜನರನ್ನು ಎಣಿಸಿದ, ಇನ್ನೊಬ್ಬ ಅರಸ ಮಕ್ಕಳನ್ನು ಕೊಲ್ಲಿಸಿದ, ಇವರಿಬ್ಬರ ನಡುವೆ ಒಂದು ಬಡ ಸಂಸಾರ ತನ್ನ ಮಗುವನ್ನು ಕಾಪಾಡಿಕೊಂಡಿತು. ಒಂದೇ ವಾರದಲ್ಲಿ ಈ ಮೂರನ್ನೂ ನಾವು ಧ್ಯಾನಿಸುತ್ತೇವೆ.

ಪ್ರಜೆಗಳು ಹೆಚ್ಚಾದರೆಂದು ಆಳುವವರು ಚಿಂತಿಸುವುದು ಹೊಸ ಸಂಗತಿಯೇನಲ್ಲ. ಇಸ್ರಯೇಲರು ಹೆಚ್ಚುತ್ತಿದ್ದಾರೆಂದು ಭಯಪಟ್ಟ ಫರೋಹನು ಹುಟ್ಟುವ ಗಂಡುಮಕ್ಕಳನ್ನು ಸಾಯಿಸಲು ಹೇಳಿದಾಗ, ಶಿಫ್ರಾ ಮತ್ತು ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ಆ ಮಾತನ್ನು ಕೇಳಲಿಲ್ಲವೆಂದು ವಿಮೋಚನಾಕಾಂಡದಲ್ಲಿ ಓದುತ್ತೇವೆ. ಆ ಅಧ್ಯಾಯದಲ್ಲಿ ಅರಸನ ಹೆಸರಿಲ್ಲ, ಆದರೆ ಸೂಲಗಿತ್ತಿಯರ ಹೆಸರಿದೆ! ಈ ಹಿನ್ನೆಲೆಯಲ್ಲಿ ನಮ್ಮದೇ ನಾಡಿನ ಒಂದು ಚರಿತ್ರೆಯನ್ನು ಈ ಹಬ್ಬದ ದಿನಗಳಲ್ಲಿ ನೋಡೋಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮ ಅಜ್ಜಿ, ತಾಯಂದಿರ ಬಾಳನ್ನು ನೇರವಾಗಿ ಮುಟ್ಟಿದ ಚರಿತ್ರೆ ಇದು. ಶಾಲೆಯ ಪುಸ್ತಕಗಳಲ್ಲಿ ಇದು ಸಿಗುವುದು ಅಪರೂಪ.

ಧಾತು ಈಶ್ವರ ಬರ

ನಮ್ಮ ಬಯಲುಸೀಮೆಯಲ್ಲಿ ಜನಸಂಖ್ಯೆಯ ಮಾತು ಶುರುವಾಗುವುದು ಜನ ಹೆಚ್ಚಾದ ಕಥೆಯಿಂದಲ್ಲ, ಜನ ಇಲ್ಲವಾದ ಕಥೆಯಿಂದ. 1876ರಿಂದ 1878ರವರೆಗೆ ಬಂದ ಬರವನ್ನು ನಮ್ಮ ಹಿರಿಯರು ಆ ಸಂವತ್ಸರಗಳ ಹೆಸರಿನಿಂದಲೇ ಧಾತು ಈಶ್ವರ ಬರ ಎಂದು ಕರೆದರು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ 55 ಸಾವಿರ ಜನರಿದ್ದರು. ಹತ್ತು ವರ್ಷಗಳ ಮೇಲೆ, 1881ರಲ್ಲಿ, ಉಳಿದವರು 41 ಲಕ್ಷ 86 ಸಾವಿರ. ಅಂದರೆ ಸುಮಾರು ಎಂಟೂಮುಕ್ಕಾಲು ಲಕ್ಷ ಜನ ಕಡಿಮೆಯಾಗಿದ್ದರು. ಮಳೆಯನ್ನೇ ನಂಬಿದ್ದ ಒಣಭೂಮಿಯ ಸೀಮೆಗಳಿಗೆ ಬಿದ್ದ ಪೆಟ್ಟು ಬಲವಾದದ್ದು. ಆ ಬರದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಪ್ಯಾರಿಸಿನ ವಿದೇಶಿ ಮಿಷನ್ ಸಭೆಯ ಗುರುಗಳೂ ಧರ್ಮಭಗಿನಿಯರೂ ಎತ್ತಿಕೊಂಡು ಸಾಕಿದ್ದು ನಮ್ಮ ಧರ್ಮಸಭೆಯ ಚರಿತ್ರೆಯ ಭಾಗ.

ಹಸಿವಿಗೆ ಅಂದಿನ ಮೈಸೂರು ಸರ್ಕಾರ ಕೊಟ್ಟ ಉತ್ತರಗಳಲ್ಲಿ ಒಂದು ನಮ್ಮ ಹಿರಿಯೂರಿನ ಪಕ್ಕದಲ್ಲೇ ಇದೆ. ಮಾರಿ ಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ಆರಂಭಿಸಿ 1907ರಲ್ಲಿ ಮುಗಿಸಿದ ಅಣೆಕಟ್ಟೆ ಅದು. ಆಗ ಸಂಸ್ಥಾನವನ್ನು ನಡೆಸುತ್ತಿದ್ದ ರಾಜಮಾತೆ ವಾಣಿವಿಲಾಸ ಸನ್ನಿಧಾನದವರ ಹೆಸರಿನಲ್ಲಿ ಅದು ವಾಣಿವಿಲಾಸ ಸಾಗರವಾಯಿತು. 1933ರಲ್ಲಿ ಕೋಡಿ ಬಿದ್ದ ಆ ಕೆರೆ ಮತ್ತೆ ಕೋಡಿ ಹರಿಯಲು 89 ವರ್ಷ ಕಾಯಬೇಕಾಯಿತು. 2022ರಲ್ಲಿ ಅದನ್ನು ನೋಡಲು ಸೇರಿದವರಲ್ಲಿ ನಮ್ಮ ಧರ್ಮಕೇಂದ್ರಗಳ ಕುಟುಂಬಗಳೂ ಇದ್ದವು. ಈ ಸೀಮೆಯಲ್ಲಿ ಅನ್ನ ಸಾಲದೆ ಹೋದಾಗ ತಿನ್ನುವ ಬಾಯಿ ಹೆಚ್ಚಾಯಿತು ಎನ್ನುವುದೊಂದು ವಾದ, ನೀರು ನಿಲ್ಲಿಸಲಿಲ್ಲ ಎನ್ನುವುದು ಇನ್ನೊಂದು ವಾದ. ಈ ಎರಡು ವಾದಗಳು ಅಂದಿನಿಂದ ಇಂದಿನವರೆಗೂ ಜೊತೆಯಲ್ಲೇ ನಡೆದು ಬಂದಿವೆ.

1930: ಒಂದು ವರ್ಷ, ಮೂರು ತೀರ್ಮಾನ

ಬರ, ಪ್ಲೇಗು, 1918ರ ಇನ್ಫ್ಲುಯೆಂಜಾ ಇವೆಲ್ಲ ಕಳೆದ ಮೇಲೆ ಸಂಸ್ಥಾನದ ಜನಸಂಖ್ಯೆ ಚೇತರಿಸಿಕೊಂಡಿತು. 1921ರಲ್ಲಿ ಸುಮಾರು 60 ಲಕ್ಷವಿದ್ದದ್ದು 1931ಕ್ಕೆ ಅರವತ್ತೈದೂವರೆ ಲಕ್ಷವಾಯಿತು. ಮೇಲಿಂದ ಮೇಲೆ ಹೆತ್ತು ಸೊರಗಿದ ತಾಯಂದಿರು, ಬಾಣಂತಿಯ ಸಾವುಗಳು ಆಸ್ಪತ್ರೆಗಳಲ್ಲಿ ದಿನನಿತ್ಯದ ನೋಟವಾಗಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿದ್ದು ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲ. 1930ರ ಜೂನ್ 11ರಂದು ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಪ್ರಪಂಚದಲ್ಲಿ ಒಂದು ಸರ್ಕಾರವೇ ನಡೆಸಿದ ಇಂತಹ ಮೊದಲ ಕ್ಲಿನಿಕ್ಕುಗಳು ಇವೇ ಎಂದು ಇತಿಹಾಸಕಾರರು ದಾಖಲಿಸುತ್ತಾರೆ. ಇಂಗ್ಲೆಂಡ್, ಅಮೇರಿಕಗಳಲ್ಲಿ ಖಾಸಗಿಯವರು ಮಾತ್ರ ಜಗಳವಾಡುತ್ತಾ ನಡೆಸುತ್ತಿದ್ದ ಕೆಲಸವನ್ನು ಮೈಸೂರು ಗದ್ದಲವಿಲ್ಲದೆ ಸರ್ಕಾರಿ ಆಸ್ಪತ್ರೆಯೊಳಕ್ಕೆ ತಂದಿತು. 1933ರಲ್ಲಿ ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ಅಡಿಗಲ್ಲು ಇಟ್ಟವರೂ ಇದೇ ಮಹಾರಾಜರೇ.

ಅದೇ 1930ರ ಆಗಸ್ಟಿನಲ್ಲಿ ಲಂಡನ್ನಿನ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪರು ಕೆಲವು ಸಂದರ್ಭಗಳಲ್ಲಿ ಕೃತಕ ವಿಧಾನಗಳಿಗೆ ಒಪ್ಪಿಗೆ ಕೊಟ್ಟರು. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಜಗದ್ಗುರು ಹನ್ನೊಂದನೇ ಪಿಯುಸ್‌ರು 'ಕಾಸ್ತಿ ಕೊನ್ನುಬಿಯಿ' ಎಂಬ ವಿಶ್ವಪತ್ರದಲ್ಲಿ ಅದನ್ನು ಒಪ್ಪಲಾಗದೆಂದು ಸಾರಿದರು. ಆ ಪತ್ರದಲ್ಲಿ ಇನ್ನೊಂದು ಮಾತೂ ಇತ್ತು, ಅದನ್ನು ನಾವು ಮರೆಯಬಾರದು. ಆಗ ಅಮೇರಿಕದ ಹಲವು ರಾಜ್ಯಗಳಲ್ಲಿ ಬುದ್ಧಿಮಾಂದ್ಯರೆಂದು ಹೆಸರಿಟ್ಟವರನ್ನು ಕಾನೂನಿನ ಬಲದಿಂದ ಸಂತಾನಹೀನರನ್ನಾಗಿ ಮಾಡುತ್ತಿದ್ದರು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಹ ಅದಕ್ಕೆ ಒಪ್ಪಿತ್ತು. ತಪ್ಪು ಮಾಡದ ಪ್ರಜೆಯ ದೇಹದ ಮೇಲೆ ಕೈ ಮಾಡಲು ಯಾವ ಸರ್ಕಾರಕ್ಕೂ ಅಧಿಕಾರವಿಲ್ಲ ಎಂದು ಜಗದ್ಗುರುಗಳು ಅಂದೇ ಹೇಳಿದರು. ಈ ಮಾತಿನ ಬೆಲೆ ನಮ್ಮ ದೇಶಕ್ಕೆ ತಿಳಿಯಲು ಇನ್ನೂ 46 ವರ್ಷ ಬೇಕಾಯಿತು.

ಮೈಸೂರಿನ ಆ ಕ್ಲಿನಿಕ್ಕುಗಳು ಇದ್ದದ್ದು ಪಟ್ಟಣದ ದೊಡ್ಡ ಆಸ್ಪತ್ರೆಗಳಲ್ಲಿ. ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಯ ಹೆಣ್ಣುಮಗಳಿಗೆ ಆಸ್ಪತ್ರೆ ಎಂದರೇನೆ ದೂರದ ಮಾತು, ಹೆರಿಗೆ ಎಂದರೆ ಮನೆ ಮತ್ತು ಸೂಲಗಿತ್ತಿ. ಆದರೂ ಆ ಆಜ್ಞೆಯಲ್ಲಿ ಒಂದು ಗುಣವಿತ್ತು. ಬೇಕಾದವರು ಬಂದು ಕೇಳಬಹುದಿತ್ತು, ಬಾರದವರ ಮೇಲೆ ಬಲವಂತವಿರಲಿಲ್ಲ, ಇಷ್ಟು ಜನರನ್ನು ಕರೆತರಬೇಕೆಂಬ ಗುರಿಯನ್ನು ಯಾರ ತಲೆಯ ಮೇಲೂ ಹೊರಿಸಿರಲಿಲ್ಲ.

ರಾಮನಗರದ ಮಣಿಸರ

ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಕುಟುಂಬ ಯೋಜನೆಯನ್ನು ಸರ್ಕಾರಿ ಕಾರ್ಯಕ್ರಮವಾಗಿ ಸ್ವೀಕರಿಸಿದ ಮೊದಲ ದೇಶ ಭಾರತ. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಇದಕ್ಕೆ ಇಟ್ಟ ಹಣ 65 ಲಕ್ಷ ರೂಪಾಯಿ. ಆಗ ಕೇಂದ್ರದ ಆರೋಗ್ಯ ಮಂತ್ರಿಯಾಗಿದ್ದವರು ರಾಜಕುಮಾರಿ ಅಮೃತ್ ಕೌರ್. ಅವರು ಕ್ರೈಸ್ತರು, ಗಾಂಧೀಜಿಯವರ ಶಿಷ್ಯೆ. ಗಾಂಧೀಜಿಯವರು ಸಂತಾನ ಮಿತಿಗೆ ಸಂಯಮವೊಂದೇ ದಾರಿ ಎನ್ನುತ್ತಿದ್ದರು. 1935ರ ಡಿಸೆಂಬರಿನಲ್ಲಿ ಅಮೇರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಎಷ್ಟು ವಾದಿಸಿದರೂ ಅವರು ಕೃತಕ ಸಾಧನಗಳನ್ನು ಒಪ್ಪಲಿಲ್ಲ. ಗುರುವಿನ ದಾರಿಯಲ್ಲಿ ನಡೆದ ಅಮೃತ್ ಕೌರ್, ತಿಂಗಳಲ್ಲಿ ಗರ್ಭ ನಿಲ್ಲದ ದಿನಗಳನ್ನು ಲೆಕ್ಕ ಹಾಕಿ ನಡೆಯುವ ಸಹಜ ವಿಧಾನವನ್ನೇ ಮೊದಲು ಪರೀಕ್ಷಿಸೋಣ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. 1951ರಲ್ಲಿ ಡಾಕ್ಟರ್ ಅಬ್ರಹಾಂ ಸ್ಟೋನ್ ಬಂದರು. ಪರೀಕ್ಷೆಗೆ ಆರಿಸಿದ ಎರಡು ಸ್ಥಳಗಳಲ್ಲಿ ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ಮೈಸೂರು ರಾಜ್ಯದ ರಾಮನಗರ.

ಓದು ಬರಹ ತಿಳಿಯದ ಹೆಣ್ಣುಮಕ್ಕಳು ದಿನಗಳ ಲೆಕ್ಕ ಇಡುವುದು ಹೇಗೆ? ಅದಕ್ಕಾಗಿ ಒಂದು ಮಣಿಸರ ಮಾಡಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಮಣಿ ಬಂದರೆ ಗಂಡಹೆಂಡತಿ ದೂರವಿರಬೇಕು. ಜಪಸರ ಎಣಿಸಿ ಅಭ್ಯಾಸವಿರುವ ನಮ್ಮ ತಾಯಂದಿರಿಗೆ ಇದು ಸುಲಭವೆನಿಸಬಹುದು. ರಾಮನಗರದಲ್ಲಿ ಅದು ನಿರೀಕ್ಷಿಸಿದಂತೆ ನಡೆಯಲಿಲ್ಲ. ಕಲಿಯಬೇಕೆಂದು ಹೇಳಿದವರು ಬಹಳ, ಕೊನೆಯವರೆಗೆ ಪಾಲಿಸಿದವರು ಕೆಲವರು. ಆ ಸರ ಹಾಕಿಕೊಂಡು ನಾಲ್ಕು ಜನರ ನಡುವೆ ಓಡಾಡುವುದೆಂದರೆ ಮನೆಯ ಗುಟ್ಟನ್ನು ಬೀದಿಗೆ ತೋರಿಸಿದ ಹಾಗೆ. ತಿಂಗಳ ಲೆಕ್ಕ ಎಲ್ಲರಿಗೂ ಒಂದೇ ಸಮನಾಗಿ ಇರುವುದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಣಿ ಸರಿಸುವವಳು ಹೆಂಡತಿ. ಕೆಂಪು ಮಣಿಯ ದಿನ ಅವಳ ಮಾತು ನಡೆಯಬೇಕಾದರೆ ಗಂಡನ ಮನಸ್ಸು ಬೇಕು. ಸರವನ್ನು ಸರ್ಕಾರ ಕೊಡಬಹುದು, ಆ ಮನಸ್ಸನ್ನು ಕೊಡಲಾರದು.

ಸ್ವಾರಸ್ಯವೆಂದರೆ ಆ ಮಣಿಸರ ಅಲ್ಲಿಗೆ ಮುಗಿಯಲಿಲ್ಲ. ಸುಮಾರು ಐವತ್ತು ವರ್ಷಗಳ ನಂತರ ವಾಷಿಂಗ್ಟನ್ನಿನಲ್ಲಿರುವ ಜೆಸ್ವಿತರ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕವನ್ನು ಸರಿಪಡಿಸಿ 32 ಮಣಿಗಳ ಸರವೊಂದನ್ನು ರೂಪಿಸಿದರು. ಅದು ಭಾರತಕ್ಕೂ ಬಂದಿತು. ರಾಮನಗರದಲ್ಲಿ ಕಲಿತ ಪಾಠ ಅದರಲ್ಲಿತ್ತು: ಹೆಂಡತಿಯ ಜೊತೆಗೆ ಗಂಡನಿಗೂ ಕಲಿಸಬೇಕು.

ಕೆಂಪು ತ್ರಿಕೋನದಿಂದ ತುರ್ತು ಪರಿಸ್ಥಿತಿಗೆ

ಅರವತ್ತರ ದಶಕದಲ್ಲಿ ಆತುರ ಹೆಚ್ಚಿತು. 1965ರಲ್ಲಿ ಲೂಪ್ ಬಂತು, 1968ರಲ್ಲಿ ನಿರೋಧ್ ಬಂತು. ಹಳ್ಳಿಯ ಗೋಡೆಗಳ ಮೇಲೆ ಕೆಂಪು ತ್ರಿಕೋನ ಮೂಡಿತು. ಆರತಿಗೊಬ್ಬಳು, ಕೀರ್ತಿಗೊಬ್ಬ ಎಂಬ ನಮ್ಮ ಹಳೆಯ ಮಾತು ಸರ್ಕಾರದ ಘೋಷಣೆಯಾಯಿತು. ಬಸ್ಸಿನ ಹಿಂಭಾಗದಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ಚಿಕ್ಕ ಸಂಸಾರದ ಚಿತ್ರಗಳನ್ನು ನೋಡುತ್ತಲೇ ನಮ್ಮಲ್ಲಿ ಹಲವರು ಬೆಳೆದೆವು. ಆರೋಗ್ಯ ಇಲಾಖೆಯ ನೌಕರರಿಗೆ ವರ್ಷಕ್ಕಿಷ್ಟು ಕೇಸು ಎಂಬ ಗುರಿ ನಿಗದಿಯಾಯಿತು. ಕೇಸು ಎಂಬ ಆ ಪದವನ್ನು ಗಮನಿಸಿ. ಮನೆಯಲ್ಲಿ ಅಮ್ಮನೋ ಅತ್ತಿಗೆಯೋ ಆಗಿದ್ದವಳು ಕಾಗದದಲ್ಲಿ ಕೇಸಾದಳು.

1974ರಲ್ಲಿ ಬುಖಾರೆಸ್ಟಿನಲ್ಲಿ ನಡೆದ ವಿಶ್ವ ಜನಸಂಖ್ಯಾ ಸಮ್ಮೇಳನದಲ್ಲಿ ನಮ್ಮ ಮಂತ್ರಿ ಕರಣ್ ಸಿಂಗರು, ಅಭಿವೃದ್ಧಿಗಿಂತ ಒಳ್ಳೆಯ ಸಂತಾನ ನಿಯಂತ್ರಣವಿಲ್ಲ ಎಂಬ ಅರ್ಥದ ಮಾತಾಡಿ ಮೆಚ್ಚುಗೆ ಪಡೆದರು. ಎರಡೇ ವರ್ಷಕ್ಕೆ, ತುರ್ತು ಪರಿಸ್ಥಿತಿಯ ನಡುವೆ, 1976ರ ಏಪ್ರಿಲ್ 16ರಂದು ಅವರೇ ಮಂಡಿಸಿದ ಜನಸಂಖ್ಯಾ ನೀತಿಯು ಕಡ್ಡಾಯದ ಕಾನೂನು ತರಲು ರಾಜ್ಯಗಳಿಗೆ ಬಾಗಿಲು ತೆರೆಯಿತು. ಮೂರು ಮಕ್ಕಳಾದ ಮೇಲೆ ಆಪರೇಷನ್ ಕಡ್ಡಾಯ ಎಂಬ ಮಸೂದೆಯನ್ನು ಮಹಾರಾಷ್ಟ್ರ ಅಂಗೀಕರಿಸಿಯೇ ಬಿಟ್ಟಿತು. ರಾಷ್ಟ್ರಪತಿಗಳ ಅಂಕಿತ ಸಿಗದೆ ಅದು ಉಳಿದುಹೋಯಿತು. ಶಿಕ್ಷಕರು, ರೆವಿನ್ಯೂ ಇಲಾಖೆಯವರು, ಪೊಲೀಸರು ಎಲ್ಲರೂ ಜನರನ್ನು ಕರೆತರಬೇಕಾಯಿತು. ಸಂಬಳ, ಬಡ್ತಿ, ಸಾಲ, ಪಡಿತರ ಇವೆಲ್ಲ ಹಲವೆಡೆ ಆಪರೇಷನ್ ಸರ್ಟಿಫಿಕೇಟಿಗೆ ಗಂಟುಬಿದ್ದವು. 1976-77ರಲ್ಲಿ ದೇಶದ ಗುರಿ ಸುಮಾರು 43 ಲಕ್ಷ; ನಡೆದ ಆಪರೇಷನ್ನುಗಳು 81 ಲಕ್ಷಕ್ಕೂ ಹೆಚ್ಚು. ನಂತರ ನೇಮಕವಾದ ಷಾ ಆಯೋಗದ ಮುಂದೆ ಆಪರೇಷನ್ನಿಗೆ ಸಂಬಂಧಿಸಿದ 1,774 ಸಾವುಗಳ ದೂರು ಬಂದವು. ಮದುವೆಯೇ ಆಗದವರಿಗೆ ಆಪರೇಷನ್ ಮಾಡಿದ 548 ದೂರುಗಳೂ ಇದ್ದವು.

ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಕರ್ನಾಟಕದಲ್ಲಿ ಶಿಬಿರಗಳು ನಡೆದವು, ಗುರಿಗಳೂ ಇದ್ದವು. ಆದರೆ ಹರಿಯಾಣ, ಉತ್ತರ ಪ್ರದೇಶಗಳ ಹಳ್ಳಿಗಳನ್ನು ಪೊಲೀಸರು ಸುತ್ತುವರಿದಂತಹ ಕ್ರೌರ್ಯ ಇಲ್ಲಿ ಆ ಪ್ರಮಾಣದಲ್ಲಿ ನಡೆಯಲಿಲ್ಲ. 1977ರ ಚುನಾವಣೆಯಲ್ಲಿ ಉತ್ತರದಲ್ಲಿ ಕೊಚ್ಚಿಹೋದ ಕಾಂಗ್ರೆಸ್ಸಿಗೆ ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಸಿಕ್ಕಿದ್ದಕ್ಕೆ ಇದೂ ಒಂದು ಕಾರಣ.

ಅದೇ ಕಾಲದಲ್ಲಿ ಮೌನವಾಗಿ ಇನ್ನೊಂದು ಕೆಲಸವೂ ಆರಂಭವಾಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳು ಶುರುವಾದವು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಮಗುವಿಗೆ ಪೌಷ್ಟಿಕ ಆಹಾರ, ಚುಚ್ಚುಮದ್ದು, ಬಸುರಿಗೆ ಉಪಚಾರ. ಶಿಬಿರದ ಕಥೆಯನ್ನು ಜನ ಇಂದಿಗೂ ನೆನೆದು ಹೆದರುತ್ತಾರೆ. ಅಂಗನವಾಡಿ ಮಾತ್ರ ನಮ್ಮ ಓಣಿಗಳಲ್ಲಿ ಉಳಿದುಕೊಂಡಿತು.

ಹೊರೆ ಯಾರ ಮೇಲೆ?

ತುರ್ತು ಪರಿಸ್ಥಿತಿ ಒಂದು ವಿಚಿತ್ರ ಫಲವನ್ನು ಬಿಟ್ಟುಹೋಯಿತು. 1976-77ರಲ್ಲಿ ನಡೆದ ಆಪರೇಷನ್ನುಗಳಲ್ಲಿ ಸುಮಾರು ಮುಕ್ಕಾಲು ಪಾಲು ಗಂಡಸರದು. ಗಂಡಸರು ಸಿಟ್ಟಿಗೆದ್ದರು, ಸರ್ಕಾರ ಬಿದ್ದುಹೋಯಿತು. ಕುಟುಂಬ ಯೋಜನೆ ಎಂಬ ಹೆಸರು ಕುಟುಂಬ ಕಲ್ಯಾಣ ಎಂದು ಬದಲಾಯಿತು. ಅಂದಿನಿಂದ ಈ ಕಾರ್ಯಕ್ರಮ ಗಂಡಸರ ಸುದ್ದಿಗೆ ಹೋಗದೆ ಹೆಂಗಸರತ್ತ ತಿರುಗಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಇಡೀ ದೇಶದಲ್ಲೇ ಸಾವಿರಕ್ಕೆ ಮೂರು ದಂಪತಿಗಳಲ್ಲಿ ಮಾತ್ರ. ಗಂಡಸರದ್ದು ಸುಲಭದ ಆಪರೇಷನ್ ಎಂದು ವೈದ್ಯರೇ ಹೇಳುತ್ತಾರೆ. ಧರ್ಮಸಭೆ ಇವೆರಡನ್ನೂ ಒಪ್ಪುವುದಿಲ್ಲ ಎಂಬುದು ಬೇರೆ ಮಾತು. ಆದರೆ ಲೆಕ್ಕ ನೋಡಿದಾಗ ಒಂದು ಪ್ರಶ್ನೆ ಏಳದೆ ಇರುವುದಿಲ್ಲ: ಮಕ್ಕಳು ಇಬ್ಬರಿಗೂ ಸೇರಿದವರಾದರೆ, ನೋವು ಒಬ್ಬಳಿಗೇ ಏಕೆ?

2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಣ್ಣುಮಕ್ಕಳಿಗೆ ಆಪರೇಷನ್ ಮಾಡಿದರು. ಆ ಭಾಗದ ಶಿಬಿರಗಳಿಗೆ ಹೋದವರಲ್ಲಿ 13 ಮಂದಿ ಸತ್ತರು. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಹೇಳಿತು. ಗುರಿ ನಿಗದಿ ಮಾಡುವ ಪದ್ಧತಿಯನ್ನು ಕೇಂದ್ರ ಸರ್ಕಾರ 1996ರಲ್ಲೇ ಕೈಬಿಟ್ಟಿತ್ತು. 1994ರ ಕೈರೋ ಸಮ್ಮೇಳನದಲ್ಲಿ ಜಗತ್ತೂ ಸಂಖ್ಯೆಯ ಮಾತು ಬಿಟ್ಟು ತಾಯಿಯ ಆರೋಗ್ಯ, ಹೆಣ್ಣಿನ ವಿದ್ಯೆಯ ಮಾತಿಗೆ ಬಂದಿತ್ತು. ಆದರೂ ಹಳೆಯ ಅಭ್ಯಾಸ ಕಾಗದದಿಂದ ಹೋದಷ್ಟು ಬೇಗ ಕೈಯಿಂದ ಹೋಗುವುದಿಲ್ಲ.

ಎರಡೇ ಮಕ್ಕಳು ಸಾಕು ಎಂಬ ಒತ್ತಡವೂ ಗಂಡುಮಗು ಬೇಕೇ ಬೇಕು ಎಂಬ ಆಸೆಯೂ ಒಂದೇ ಮನೆಯಲ್ಲಿ ಸೇರಿದಾಗ ಏನಾಗುತ್ತದೆ? ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2011ರಲ್ಲಿ 948. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾನೂನು ಇದೆ. ಆದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ಯಂತ್ರವಿಟ್ಟು ದಂಧೆ ನಡೆಸಿದ್ದನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣುಮಗುವಿನ ತೀರ್ಪು! ಹೆರೋದ ಇಂದಿಗೂ ಸತ್ತಿಲ್ಲ.

ಧರ್ಮಸಭೆಯ ಮಾತು

ಧರ್ಮಸಭೆ ಎಂದರೆ ಎಷ್ಟಾದರೂ ಹೆರಿರಿ ಎನ್ನುವವರು ಎಂಬ ತಪ್ಪು ತಿಳುವಳಿಕೆ ನಮ್ಮ ಊರುಗಳಲ್ಲಿ ಈಗಲೂ ಇದೆ. ಎಷ್ಟು ಮಕ್ಕಳು ಎಂಬುದನ್ನು ದಂಪತಿಗಳೇ ದೇವರ ಮುಂದೆ, ಮಕ್ಕಳ ಹಿತ, ಮನೆಯ ಸ್ಥಿತಿ, ಸಮಾಜದ ಹಿತ ನೋಡಿ ತೀರ್ಮಾನಿಸಬೇಕೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ತಿಳಿಸಿತು. 1964ರಲ್ಲಿ ಮುಂಬಯಿಗೆ ಬಂದು ನಮ್ಮ ಬಡತನವನ್ನು ಕಣ್ಣಾರೆ ಕಂಡ ಜಗದ್ಗುರು ಆರನೇ ಪೌಲರು, 1967ರ 'ಪಾಪ್ಯುಲೋರುಮ್ ಪ್ರೊಗ್ರೆಸ್ಸಿಯೊ' ಪತ್ರದಲ್ಲಿ ಜನಸಂಖ್ಯೆಯ ಏರಿಕೆ ಅಭಿವೃದ್ಧಿಗೆ ಕಷ್ಟ ತರುವುದುಂಟು ಎಂದು ಒಪ್ಪಿದರು. ನೀತಿಯ ಮಿತಿಯೊಳಗೆ ತಿಳುವಳಿಕೆ ಕೊಡುವ ಅಧಿಕಾರ ಸರ್ಕಾರಕ್ಕಿದೆ, ಕೊನೆಯ ತೀರ್ಮಾನ ಮಾತ್ರ ತಂದೆತಾಯಿಯರದು ಎಂದರು. ಮರುವರ್ಷ, 1968ರ ಜುಲೈ 25ರಂದು, 'ಹ್ಯೂಮಾನೆ ವೀಟೆ'ಯಲ್ಲಿ ಕೃತಕ ವಿಧಾನ ಸಲ್ಲದು, ಸಹಜ ವಿಧಾನ ಸಲ್ಲುತ್ತದೆ ಎಂದು ಬೋಧಿಸಿದರು. ಅವರೇ ಸಲಹೆ ಕೇಳಿದ ಸಮಿತಿಯಲ್ಲಿ ಬಹುಮತದವರು ಬೇರೆ ಅಭಿಪ್ರಾಯ ಕೊಟ್ಟಿದ್ದರು. ಆ ಚರ್ಚೆ ಧರ್ಮಸಭೆಯ ಒಳಗೂ ದೀರ್ಘಕಾಲ ನಡೆಯಿತು. 1979ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಾಗ ಮದರ್ ತೆರೇಸಾರವರು, ಕಲ್ಕತ್ತೆಯ ಬಡವರಿಗೆ ತಮ್ಮ ಸಿಸ್ಟರುಗಳು ಸಹಜ ವಿಧಾನ ಕಲಿಸುತ್ತಿರುವುದನ್ನು ಜಗತ್ತಿನ ಮುಂದೆ ಹೇಳಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು, ಒಳ್ಳೆಯ ಕಥೋಲಿಕರಾಗಲು ಮೊಲಗಳ ಹಾಗೆ ಹೆರಬೇಕಾಗಿಲ್ಲ ಎಂದು ನಗುತ್ತಲೇ ತಿಳಿಹೇಳಿದರು. 2016ರ 'ಅಮೋರಿಸ್ ಲೆತೀತಿಯಾ'ದಲ್ಲಿ ಸರ್ಕಾರಗಳ ಬಲವಂತವನ್ನು ಖಂಡಿಸಿದರು.

ಈ ಬೋಧನೆಯನ್ನು ನಮ್ಮ ಮನೆಗಳು ಎಷ್ಟು ಪಾಲಿಸಿವೆ? ಸಮೀಕ್ಷೆಯ ಪ್ರಕಾರ 2019-21ರಲ್ಲಿ ಭಾರತದ ಕ್ರೈಸ್ತ ತಾಯಿಯೊಬ್ಬಳಿಗೆ ಸರಾಸರಿ 1.88 ಮಕ್ಕಳು. ಎಲ್ಲರೂ ಸಹಜ ವಿಧಾನದಿಂದಲೇ ಇಲ್ಲಿಗೆ ಬಂದರೆಂದು ಯಾರೂ ಹೇಳಲಾರರು. ಹೆರಿಗೆ ವಾರ್ಡಿನಲ್ಲೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ತಾಯಂದಿರು ನಮ್ಮ ನಡುವೆಯೂ ಇದ್ದಾರೆ. ಅವರಲ್ಲಿ ಎಷ್ಟು ಜನರನ್ನು ಗಂಡ, ಅತ್ತೆ, ಆಸ್ಪತ್ರೆ ಯಾರಾದರೂ ಕೂರಿಸಿಕೊಂಡು ಸಮಾಧಾನವಾಗಿ ವಿಚಾರಿಸಿದ್ದರು? ಅಂತಹ ತಾಯಂದಿರ ಕಡೆಗೆ ಬೆರಳು ತೋರಿಸುವುದು ಸುಲಭ. ಅವರ ಪಕ್ಕದಲ್ಲಿ ಕುಳಿತು ಅವರ ಮಾತು ಕೇಳುವುದು ಪವಿತ್ರ ಕುಟುಂಬದ ಮಾರ್ಗ.

ತಿರುವುಮುರುವಾದ ಚರ್ಚೆ

ಈಗ ಕಾಲ ಬದಲಾಗಿದೆ. ಕರ್ನಾಟಕದಲ್ಲಿ ತಾಯಿಯೊಬ್ಬಳಿಗೆ 1992-93ರಲ್ಲಿ ಸರಾಸರಿ 2.85 ಮಕ್ಕಳಿದ್ದದ್ದು 2019-21ಕ್ಕೆ 1.7ಕ್ಕೆ ಇಳಿಯಿತು. ತಂದೆತಾಯಿಯ ಸ್ಥಾನ ತುಂಬಲು ಬೇಕಾದ 2.1ಕ್ಕಿಂತ ಇದು ಕಡಿಮೆ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ 2001ರಲ್ಲಿ 15,17,896 ಜನರಿದ್ದರು, 2011ರಲ್ಲಿ 16,59,456. ಹತ್ತು ವರ್ಷದ ಏರಿಕೆ ನೂರಕ್ಕೆ 9.3, ರಾಜ್ಯದ್ದು 15.6. ಹುಟ್ಟು ಕಡಿಮೆಯಾದದ್ದರ ಜೊತೆಗೆ ದುಡಿಯುವ ಮಕ್ಕಳು ಬೆಂಗಳೂರಿನ ದಾರಿ ಹಿಡಿದದ್ದೂ ಇದರೊಳಗೆ ಸೇರಿದೆ.

ಇದು ಯಾರ ಹೆದರಿಕೆಯಿಂದ ಆಯಿತು? ಯಾರ ಹೆದರಿಕೆಯಿಂದಲೂ ಅಲ್ಲ. ಹುಟ್ಟಿದ ಮಗು ಬದುಕುತ್ತದೆ ಎಂಬ ಧೈರ್ಯ ಬಂತು. 2020ರಲ್ಲಿ ಕರ್ನಾಟಕದಲ್ಲಿ ಸಾವಿರ ಶಿಶುಗಳಿಗೆ 19 ಸಾವು. ನಮ್ಮ ಅಜ್ಜಿಯರ ಕಾಲದಲ್ಲಿ ಒಂದಾದರೂ ಮಗುವನ್ನು ಮಣ್ಣು ಮಾಡದ ಮನೆ ಅಪರೂಪವಾಗಿತ್ತು. ಹೆಣ್ಣುಮಕ್ಕಳು ಶಾಲೆಗೆ ಹೋದರು. 1978ರಲ್ಲಿ ಹುಡುಗಿಯ ಮದುವೆಯ ವಯಸ್ಸು 18ಕ್ಕೆ ಏರಿತು. ಆಸ್ಪತ್ರೆ ಹತ್ತಿರವಾಯಿತು, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಳು. ಬಲವಂತ ಕಡಿಮೆಯಿದ್ದ ಕೇರಳ, ತಮಿಳುನಾಡು, ಕರ್ನಾಟಕಗಳಲ್ಲಿ ಜನನ ಬೇಗ ಇಳಿಯಿತು. ಬಲವಂತ ಹೆಚ್ಚಿದ್ದ ಉತ್ತರದ ರಾಜ್ಯಗಳಲ್ಲಿ ನಿಧಾನವಾಗಿ ಇಳಿಯಿತು. ಒಂದು ಧರ್ಮದವರನ್ನು ತೋರಿಸಿ ಅವರಿಂದಲೇ ದೇಶ ತುಂಬಿಹೋಯಿತು ಎನ್ನುವವರೂ ಈ ಅಂಕಿಗಳನ್ನು ನೋಡಬೇಕು: ಮುಸ್ಲಿಂ ತಾಯಿಯ ಸರಾಸರಿ 1992-93ರ 4.4ರಿಂದ 2019-21ಕ್ಕೆ 2.36ಕ್ಕೆ, ಹಿಂದೂ ತಾಯಿಯದು 3.3ರಿಂದ 1.94ಕ್ಕೆ ಇಳಿದಿದೆ. ವಿದ್ಯೆ, ಆರೋಗ್ಯ ಹೋದ ಕಡೆಯೆಲ್ಲ ಎಲ್ಲರ ಮನೆಯಲ್ಲೂ ನಡೆದದ್ದು ಒಂದೇ ಕಥೆ.

ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದೆಂಬ ಕಾನೂನು ರಾಜಸ್ಥಾನ, ಹರಿಯಾಣ, ಆಂಧ್ರ ಮುಂತಾದ ರಾಜ್ಯಗಳಲ್ಲಿ ಬಂದಿತ್ತು. 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಸ್ಥಾನ ಉಳಿಸಿಕೊಳ್ಳಲು ಗರ್ಭ ತೆಗೆಸಿದ, ಮಗುವನ್ನು ದತ್ತು ಕೊಟ್ಟ, ಹೆಂಡತಿಯನ್ನೇ ಬಿಟ್ಟ ಪ್ರಕರಣಗಳನ್ನು ನಿರ್ಮಲಾ ಬುಚ್ ಅವರ ಅಧ್ಯಯನ ಬೆಳಕಿಗೆ ತಂದಿತು. ಕೆಲವು ರಾಜ್ಯಗಳು ಆ ಕಾನೂನನ್ನು ಹಿಂತೆಗೆದುಕೊಂಡವು. 2024ರ ನವೆಂಬರಿನಲ್ಲಿ ಆಂಧ್ರವೂ ಅದನ್ನು ರದ್ದುಮಾಡಿತು. ಅಲ್ಲಿಯ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಹೆರಿರಿ ಎಂದೇ ಕರೆಕೊಟ್ಟರು! ಮುದುಕರ ಸಂಖ್ಯೆ ಏರುತ್ತಿದೆ ಎಂಬ ಚಿಂತೆ ಒಂದು ಕಡೆ. ಲೋಕಸಭೆಯಲ್ಲಿ ದಕ್ಷಿಣದ ಮಾತು ಕುಗ್ಗೀತು ಎಂಬ ಅಂಜಿಕೆ ಇನ್ನೊಂದು ಕಡೆ. 1976ರ ನೀತಿಯ ಜೊತೆಯಲ್ಲೇ 1971ರ ಗಣತಿಯ ಮೇಲೆ ಲೋಕಸಭೆಯ ಸ್ಥಾನಗಳನ್ನು ಸ್ಥಿರಗೊಳಿಸಿದ್ದರು, ಜನಸಂಖ್ಯೆ ತಗ್ಗಿಸಿದ ರಾಜ್ಯಕ್ಕೆ ನಷ್ಟವಾಗಬಾರದೆಂದು. 2002ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಅದನ್ನು 2026ರ ನಂತರದ ಮೊದಲ ಗಣತಿಯವರೆಗೆ ಮುಂದುವರಿಸಿತು. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ನೂರಕ್ಕೆ 4.713 ಇದ್ದದ್ದು 15ನೇ ಆಯೋಗದಲ್ಲಿ 3.647ಕ್ಕೆ ಇಳಿಯಿತು. ಇದಕ್ಕೆ ಜನಸಂಖ್ಯೆ ಒಂದೇ ಕಾರಣವಲ್ಲ, ಆದರೆ ಚರ್ಚೆ ಕಾವೇರಿದೆ.

ನಿನ್ನೆ ಸಾಕು ಸಾಕು ಎಂದವರು ಇಂದು ಇನ್ನೂ ಬೇಕು ಎನ್ನುತ್ತಿದ್ದಾರೆ. ಎರಡೂ ಸಲ ಮಾತು ಹೋಗುವುದು ಹೆಣ್ಣಿನ ಹೊಟ್ಟೆಯ ಕಡೆಗೇ. ಕಡಿಮೆ ಹೆರು ಎಂದು ಹೇಳುವ ಅಧಿಕಾರ ಅರಸನಿಗಿಲ್ಲದಿದ್ದರೆ, ಹೆಚ್ಚು ಹೆರು ಎಂದು ಹೇಳುವ ಅಧಿಕಾರವೂ ಇಲ್ಲ. ತಾಯಿಗೆ ವಿದ್ಯೆ, ಮಗುವಿಗೆ ಹಾಲು, ಹೊಲಕ್ಕೆ ನೀರು ಕೊಡುವುದು ಆಳುವವರ ಕರ್ತವ್ಯ. ಮನೆಗೆ ಎಷ್ಟು ಮಕ್ಕಳು ಎಂಬುದನ್ನು ಗಂಡಹೆಂಡತಿ ಪ್ರಾರ್ಥಿಸಿ ತೀರ್ಮಾನಿಸಲಿ.

ಹಬ್ಬಕ್ಕೊಂದು ಚಿಂತನೆ

ಜೋಸೆಫರು ಇಡೀ ಶುಭಸಂದೇಶದಲ್ಲಿ ಒಂದು ಮಾತೂ ಆಡುವುದಿಲ್ಲ. ಆದರೆ ಅವರು ಎದ್ದರು, ಕತ್ತೆಗೆ ಜೀನು ಬಿಗಿದರು, ರಾತ್ರೋರಾತ್ರಿ ತಾಯಿ ಮಗುವನ್ನು ಕಾಪಾಡಿಕೊಂಡು ಈಜಿಪ್ಟಿಗೆ ನಡೆದರು. ಮನೆಯ ಹೊರೆಯಲ್ಲಿ ಅವರ ಪಾಲು ಪೂರ್ತಿ ಇತ್ತು. ಈ ಹಬ್ಬದಂದು ನಮ್ಮ ಗಂಡಸರು ತಮ್ಮನ್ನು ತಾವು ಕೇಳಿಕೊಳ್ಳಲು ಇದೊಂದೇ ಪ್ರಶ್ನೆ ಸಾಕು: ಮಕ್ಕಳ ವಿಷಯದಲ್ಲಿ ಹೆಂಡತಿಯ ಮಾತನ್ನು ನಾನು ಕೇಳಿದ್ದೇನೆಯೇ? ಅತ್ತೆಯಂದಿರಿಗೂ ಒಂದು ಪ್ರಶ್ನೆ: ಎರಡನೆಯದೂ ಹೆಣ್ಣಾದಾಗ ಸೊಸೆಯ ಬಾಣಂತನ ಮೊದಲಿನಷ್ಟೇ ಪ್ರೀತಿಯಿಂದ ನಡೆದಿದೆಯೇ? ಯುವ ದಂಪತಿಗಳು ಮದುವೆಯ ಸಿದ್ಧತಾ ಶಿಬಿರದಲ್ಲಿ ಸಹಜ ವಿಧಾನವನ್ನು ಇಬ್ಬರೂ ಕೂಡಿ ಕಲಿಯಲಿ. ಮಕ್ಕಳು ದೂರದ ಊರಿಗೆ ಹೋಗಿ ಒಂಟಿಯಾದ ಹಿರಿಯರ ಮನೆಗೆ, ಮಕ್ಕಳ ಭಾಗ್ಯವಿಲ್ಲದ ದಂಪತಿಗಳ ಮನೆಗೆ ಈ ಹಬ್ಬದ ಕುಸ್ವಾರ್ ತಟ್ಟೆ ಮೊದಲು ಹೋಗಲಿ.

ಜನಗಣತಿಯವರು ಬಾಗಿಲಿಗೆ ಬಂದಾಗ ಮನೆಯ ಎಲ್ಲರ ಹೆಸರನ್ನೂ ಸಂತೋಷದಿಂದ ಬರೆಸಿ. ಮರಿಯಮ್ಮ, ಜೋಸೆಫರು ಕೂಡ ಹೆಸರು ಬರೆಸಲು ಹೋದವರೇ. ಹುಟ್ಟಿದ ಮಗು, ಹಾಸಿಗೆ ಹಿಡಿದ ಅಜ್ಜ, ಬುದ್ಧಿ ಬೆಳೆಯದ ತಂಗಿ, ಇವರಲ್ಲಿ ಯಾರೂ ಆ ಪಟ್ಟಿಯಲ್ಲಿ ಹೆಚ್ಚುವರಿ ಅಲ್ಲ. ಪವಿತ್ರ ಕುಟುಂಬದ ಆಶೀರ್ವಾದ ನಿಮ್ಮ ಪ್ರತಿಯೊಂದು ಮನೆಯ ಮೇಲಿರಲಿ. ಆಮೆನ್.